ಪಾರಿವಾಳದ ಕಿಂಡಿ

ವಿನೋದಿನಿಯಕ್ಕನ ಅಡುಗೆಮನೆಯ ಕಿಂಡಿಯನ್ನು ಮುಚ್ಚಿದವಳು ಶಿವಕುಮಾರಿಯೇ. ಸೂರಿಗೆ ಒಂದು ಗೇಣು ಕೆಳಗೆ, ಹೊರಗೋಡೆಯಲ್ಲಿ ಎರಡು ಇಟ್ಟಿಗೆ ಅಗಲದ ಕಿಂಡಿ ಅದು. ಪಾರಿವಾಳಗಳು ಅದರೊಳಗೆ ಕಡ್ಡಿ ತಂದು ಒಟ್ಟಿ, ಮೊಟ್ಟೆಯಿಟ್ಟು, ಸಾರಿನ ಪಾತ್ರೆಗೇ ಪುಕ್ಕ ಉದುರಿಸುತ್ತಿದ್ದವು. ಹೋಳಿಯ ಹಿಂದಿನ ದಿನ ಅಕ್ಕ ಟಿವಿಯ ಪೆಟ್ಟಿಗೆಯಲ್ಲಿ ಬಂದಿದ್ದ ಥರ್ಮಾಕೋಲಿನ ಹಲಗೆಯೊಂದನ್ನು ಹುಡುಕಿ ಕೊಟ್ಟರು. ಶಿವಕುಮಾರಿ ಅದನ್ನು ಈಳಿಗೆಮಣೆಯಲ್ಲಿ ಅಳತೆಗೆ ಕೊಯ್ದು, ಸ್ಟೂಲಿನ ಮೇಲೆ ನಿಂತು ಕಿಂಡಿಯೊಳಗೆ ಒತ್ತಿ, ನಾಲ್ಕೂ ಬದಿಗೆ ಕಂದು ಬಣ್ಣದ ಅಂಟುಪಟ್ಟಿ ಹಚ್ಚಿದಳು. ಇರುವೆ ಕೂಡ ನುಸುಳದ ಹಾಗೆ ಹಚ್ಚು ಎಂದು ಅಕ್ಕ ಕೆಳಗಿನಿಂದ ಹೇಳುತ್ತಿದ್ದರು. ಅವಳು ಹಾಗೆಯೇ ಹಚ್ಚಿದಳು. ಹೇಳಿದ ಕೆಲಸವನ್ನು ಅರ್ಧ ಮನಸ್ಸಿನಲ್ಲಿ ಮಾಡಿ ಅವಳಿಗೆ ಗೊತ್ತಿರಲಿಲ್ಲ.

ಶಿವಕುಮಾರಿ ಯಾದಗಿರಿ ಕಡೆಯವಳು. ಅವಳ ತಾಯಿ ಇಂದ್ರಾಬಾಯಿ ಕಟ್ಟಡದ ಕೆಲಸ ಹುಡುಕಿಕೊಂಡು ವಡಾಲಕ್ಕೆ ಬಂದಾಗ ಇವಳು ಆರನೆಯ ಇಯತ್ತೆಯಲ್ಲಿದ್ದಳು. ಆರರ ಪುಸ್ತಕ ಅಲ್ಲಿಗೇ ಮುಚ್ಚಿತು. ಈಗ ಇಪ್ಪತ್ತಮೂರು ವರ್ಷ, ಒಂದೇ ಬಿಲ್ಡಿಂಗಿನ ಐದು ಮನೆಗಳ ಪಾತ್ರೆ, ನೆಲ ಅವಳ ಪಾಲಿಗೆ. ಮಾತು ಎಂದರೆ ಅವಳಿಗೆ ಮೈಯನ್ನು ಹಿಡಿಯಷ್ಟು ಮಾಡಿಕೊಳ್ಳುವ ಕೆಲಸ. ಕೇಳಿದ್ದಕ್ಕೆ ಹೂಂ, ಉಹೂಂ. ಆದರೆ ಕಣ್ಣು ಸುಮ್ಮನಿರುತ್ತಿರಲಿಲ್ಲ. ಯಾವ ಮನೆಯ ನಲ್ಲಿ ತೊಟ್ಟಿಕ್ಕುತ್ತದೆ, ಯಾವ ಮನೆಯ ಸೊಸೆ ಅತ್ತು ಮುಖ ತೊಳೆದಿದ್ದಾಳೆ, ಯಾರ ಅಕ್ಕಿ ಡಬ್ಬಿಗೆ ಹುಳ ಬಿದ್ದಿದೆ, ಎಲ್ಲ ಅವಳಿಗೆ ಗೊತ್ತು. ಗೊತ್ತಿದ್ದದ್ದು ಅವಳೊಳಗೇ ಉಳಿಯುತ್ತಿತ್ತು.

ಐದು ಮನೆಗಳಲ್ಲಿ ಅವಳಿಗೆ ಹೆಚ್ಚು ಇಷ್ಟ ಮೂರನೆಯ ಮಾಳಿಗೆಯ ವಿನೋದಿನಿಯಕ್ಕನ ಮನೆ. ಕನ್ನಡ ಕಿವಿಗೆ ಬೀಳುವುದು ಅಲ್ಲೊಂದೇ. ಅಕ್ಕ ಉಡುಪಿ ಕಡೆಯವರು, ಅರವತ್ತು ದಾಟಿದವರು. ಗಂಡ ದಾದರಿನ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಮೂವತ್ತು ವರ್ಷ ಕೂತು, ನಿವೃತ್ತಿಯ ಮರುವರ್ಷವೇ ತೀರಿಕೊಂಡಿದ್ದರು. ಮಗ ಪ್ರೀತಮ್ ಪವಾಯಿಯಲ್ಲಿ ಹೆಂಡತಿಯೊಂದಿಗೆ ಇದ್ದ. ಅಕ್ಕ ಒಬ್ಬರೇ ಇದ್ದರೂ ಸುಮ್ಮನೆ ಕೂರುವವರಲ್ಲ. ಬಿಲ್ಡಿಂಗಿನಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಅವರ ಸಾರು ಸ್ಟೀಲ್ ಡಬ್ಬಿಯಲ್ಲಿ ಮೆಟ್ಟಿಲು ಇಳಿದು ಹೋಗುತ್ತಿತ್ತು. ಮುಚ್ಚಳ ತೆಗೆಯದೆ, ಪರಿಮಳದಲ್ಲೇ ಉಪ್ಪು ಹೇಳುವ ಹೆಂಗಸು ಎಂದು ಅವರಿಗೆ ಹೆಸರಿತ್ತು.

ಆ ಅಡುಗೆಮನೆಯಲ್ಲಿ ದೇವರಿದ್ದದ್ದು ತುಂಬ ಎತ್ತರದಲ್ಲಿ. ಕಿಂಡಿಯ ಪಕ್ಕಕ್ಕೇ, ತಲೆ ಎತ್ತಿ ನೋಡುವಷ್ಟು ಮೇಲೆ, ಒಂದು ತೇಗದ ಹಲಗೆ. ಅಕ್ಕ ದಿನಾ ಸಂಜೆ ಎರಡು ಮೆಟ್ಟಿಲ ಸ್ಟೂಲನ್ನೇರಿ ಅಲ್ಲಿ ದೀಪ ಹಚ್ಚುತ್ತಿದ್ದರು. ಮೊಣಕಾಲು ನೋಯುತ್ತಿತ್ತು, ಆದರೂ ಹಲಗೆ ಇಳಿಯಲಿಲ್ಲ. ಅದನ್ನು ಅಲ್ಲಿ ಬಡಿದವರು ಗಂಡ. ಹೋಟೆಲಿನಲ್ಲಿ ಹುಡುಗನಾಗಿದ್ದಾಗ ಸಿಲಿಂಡರ್ ಸೋರಿ, ಗ್ಯಾಸು ನೆಲದ ಮೇಲೆ ನೀರಿನ ಹಾಗೆ ಹರಡಿ, ಮೂಲೆಯ ಒಲೆಗೆ ತಾಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರಂತೆ. ಬೆಂಕಿ ಯಾವತ್ತೂ ಮೇಲಿರಬೇಕು ವಿನೋದಿನಿ, ಗ್ಯಾಸು ಕೆಳಗೆ ಮಲಗುತ್ತದೆ ಎನ್ನುತ್ತಿದ್ದರಂತೆ. ಅದನ್ನು ಅಕ್ಕ ಎಷ್ಟು ಸಲ ಹೇಳಿದ್ದರೋ. ಆಮೇಲೆ ಬಿಲ್ಡಿಂಗಿಗೆ ಹಳದಿ ಪೈಪಿನಲ್ಲಿ ಗ್ಯಾಸು ಬಂತು, ಸಿಲಿಂಡರ್ ಮನೆಬಿಟ್ಟು ಹೋಯಿತು. ಹಲಗೆ ಮಾತ್ರ ಇದ್ದಲ್ಲೇ ಇತ್ತು.

ಮಳೆಗಾಲದಲ್ಲಿ ಒಂದು ಘಟನೆ ನಡೆದಿತ್ತು. ಶಿವಕುಮಾರಿ ಒಂದು ದಿನ ಬೆಳಿಗ್ಗೆ ಬಂದಾಗ ಅಡುಗೆಮನೆಯಲ್ಲಿ ಕೊಳೆತ ವಾಸನೆ. ಗ್ಯಾಸು ಸೋರಿದರೆ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ ಎಂದು ಅವಳು ಯಾರ ಬಾಯಲ್ಲೋ ಕೇಳಿದ್ದಳು. ಹೆದರಿ ಓಡಿಹೋಗಿ ವಾಚ್‌ಮನ್‌ಗೆ ಹೇಳಿದಳು, ಅವನು ಸೀಟಿ ಊದಿದ, ಇಡೀ ಬಿಲ್ಡಿಂಗು ಮಳೆಯಲ್ಲಿ ಕೊಡೆ ಹಿಡಿದು ಕೆಳಗೆ ನಿಂತಿತು. ಕೊನೆಗೆ ಸಿಕ್ಕಿದ್ದು ಊರಿಂದ ಬಂದ ಒಣ ಸಿಗಡಿಯ ಡಬ್ಬಿ. ತೇವ ಹಿಡಿದು ಕೊಳೆತಿತ್ತು. ಸಸ್ಯಾಹಾರಿ ನೆರೆಯವರು ಮೂಗು ಮುಚ್ಚಿಕೊಂಡು ಅಕ್ಕನನ್ನು ನೋಡಿದ ನೋಟ ಅಕ್ಕನಿಗೆ ಮರೆಯಲಿಲ್ಲ. ಶಿವಕುಮಾರಿಗೆ ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ 'ಗ್ಯಾಸ್‌ವಾಲಿ' ಎಂಬ ಹೆಸರು ಬಿತ್ತು. ಅಂದು ಅಕ್ಕ ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಾ, ಬಾಯಿ ಇರುವುದು ಊಟಕ್ಕೆ, ಇನ್ನು ಮುಂದೆ ಅದನ್ನು ಊಟಕ್ಕೆ ಮಾತ್ರ ತೆರೆದರೆ ಉಪಕಾರ ಎಂದಿದ್ದರು.

ಶಿವಕುಮಾರಿ ಅತ್ತಿರಲಿಲ್ಲ. ಅವಳ ಯೋಚನೆ ಬೇರೆಲ್ಲೋ ಇತ್ತು. ಬಾಗಿಲಲ್ಲಿ ನಿಂತವಳಿಗೇ ತಡೆಯಲಾರದಷ್ಟು ನಾತ ಇದ್ದಾಗ, ಆ ಡಬ್ಬಿಯ ಪಕ್ಕದಲ್ಲೇ ನಿಂತು ಅಕ್ಕ ನೆಮ್ಮದಿಯಿಂದ ತೆಂಗಿನಕಾಯಿ ತುರಿಯುತ್ತಿದ್ದರಲ್ಲ? ಅಂದಿನಿಂದ ಅವಳು ಗಮನಿಸತೊಡಗಿದಳು. ಹಾಲು ಸೀದು ತಳ ಹಿಡಿದರೂ ಅಕ್ಕನಿಗೆ ತಿಳಿಯುತ್ತಿರಲಿಲ್ಲ. ಒಗ್ಗರಣೆಯನ್ನು ಅವರು ಸಿಡಿಯುವ ಸದ್ದು ಕೇಳಿ ಇಳಿಸುತ್ತಿದ್ದರು. ಎರಡು ವರ್ಷದ ಹಿಂದಿನ ಕೆಟ್ಟ ಜ್ವರದಲ್ಲಿ ಹೋದ ಮೂಗು ತಿರುಗಿ ಬಂದಿರಲಿಲ್ಲ. ಅದನ್ನು ಅವರು ಮಗನಿಗೂ ಹೇಳಿದ ಹಾಗಿರಲಿಲ್ಲ. ಶಿವಕುಮಾರಿ ಅದನ್ನೂ ತನ್ನೊಳಗೇ ಇಟ್ಟುಕೊಂಡಳು.

ನವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ಸೊಸೈಟಿಯ ಟೆರೇಸಿನಲ್ಲಿ ಗ್ಯಾಸಿನ ತಿಳುವಳಿಕೆಯ ಸಭೆ ಇತ್ತು. ಏರ್ಪಡಿಸಿದ್ದು ಸೆಕ್ರೆಟರಿ ಧನರಾಜ್. ಮೊದಲ ಮಾಳಿಗೆಯವನು, ಕುಂದಾಪುರದ ಕಡೆಯವನು, ಯಾವ ಕೆಲಸಕ್ಕೂ ಮೊದಲು ಎದ್ದು ನಿಲ್ಲುವವನು. ಆಪತ್ತಿಗೆ ಓಡಿಬರಲು ಆರು ಮಂದಿ ಸ್ವಯಂಸೇವಕರನ್ನು ಆರಿಸಿ, ಅವರಿಗೆ ಕಿತ್ತಳೆ ಬಣ್ಣದ ಜಾಕೆಟ್ಟು, ಕೊರಳಿಗೆ ಸೀಟಿ ಕೊಡಿಸಿದ್ದ. ಕುರ್ಚಿಗಳು ಫ್ಲ್ಯಾಟಿನ ಮಾಲೀಕರಿಗೆ. ಶಿವಕುಮಾರಿಯನ್ನು ಕರೆದದ್ದು ಚಹಾ ಕೊಡಲು.

ಗ್ಯಾಸಿನ ಕಂಪನಿಯಿಂದ ಬಂದ ಮನುಷ್ಯ ಹಿಂದಿಯಲ್ಲಿ ನಿಧಾನವಾಗಿ ಹೇಳಿದ. ಮುಂದಿನ ಸಾಲಿನವರು ಫೋನು ತಿಕ್ಕುತ್ತಿದ್ದರು, ಧನರಾಜ್ ಸುತ್ತು ಹೊಡೆದು ಫೋಟೊ ತೆಗೆಯುತ್ತಿದ್ದ. ಚಹಾದ ಕೆಟಲಿನ ಪಕ್ಕ ನಿಂತ ಶಿವಕುಮಾರಿ ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ವಾಸನೆ ಬಂದರೆ ಬೆಂಕಿ ಹಚ್ಚಬೇಡಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕಿದ್ದು ಹಾಕಿದ ಹಾಗೆ, ಆರಿದ್ದು ಆರಿದ ಹಾಗೆ ಇರಲಿ. ಕರೆಗಂಟೆಯೊಳಗೂ ಕಿಡಿ ಇರುತ್ತದೆ. ವಾಲ್ವಿನ ಹಿಡಿ ಪೈಪಿನುದ್ದಕ್ಕೆ ಇದ್ದರೆ ತೆರೆದಿದೆ, ಪೈಪಿಗೆ ಅಡ್ಡ ಬಂದರೆ ಮುಚ್ಚಿದೆ. ಫೋನು ಮಾಡುವುದು ಹೊರಗೆ ಹೋದ ಮೇಲೆ. ಆಮೇಲೆ ಅವನು ಅಂಗೈಯನ್ನು ಸೊಂಟದಿಂದ ತಲೆಯ ಮೇಲಕ್ಕೆ ಎತ್ತಿ ತೋರಿಸಿದ. ಸಿಲಿಂಡರಿನ ಗ್ಯಾಸು ಭಾರ, ನೆಲಕ್ಕಿಳಿಯುತ್ತದೆ. ಪೈಪಿನ ಗ್ಯಾಸು ಹಗುರ, ಸೂರಿಗೆ ಏರುತ್ತದೆ. ಹೊರಹೋಗಲು ಮೇಲಿನ ಕಿಂಡಿಯೇ ಅದರ ದಾರಿ, ಅದನ್ನು ಯಾರೂ ಮುಚ್ಚಬಾರದು.

ಶಿವಕುಮಾರಿ ಚಹಾ ಬಗ್ಗಿಸುವುದನ್ನು ನಿಲ್ಲಿಸಿದಳು. ಕಂದು ಅಂಟುಪಟ್ಟಿ, ಅದರ ಪಕ್ಕದ ತೇಗದ ಹಲಗೆ, ಹಲಗೆಯ ಮೇಲಿನ ದೀಪ ಕಣ್ಣ ಮುಂದೆ ಬಂದವು. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದು ಆ ಮನುಷ್ಯ ಎರಡು ಸಲ ಕೇಳಿದ. ಅವಳು ಅರ್ಧ ಹೆಜ್ಜೆ ಮುಂದಿಟ್ಟಳು. ಮೂರನೆಯ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅಕ್ಕನ ಬೆನ್ನು ಕಂಡಿತು, ಸಿಗಡಿಯ ಡಬ್ಬಿ ನೆನಪಾಯಿತು. ಅವಳು ಬಗ್ಗಿ ಖಾಲಿ ಕಪ್ಪುಗಳನ್ನು ಕೂಡಿಸತೊಡಗಿದಳು.

ಆಮೇಲಿನ ಹದಿನೈದು ದಿನ ದಿನವೂ ಅವಳು ಹೇಳಬೇಕೆಂದುಕೊಂಡೇ ಆ ಮನೆಯ ಮೆಟ್ಟಿಲು ಹತ್ತಿದಳು, ಹೇಳದೆ ಇಳಿದಳು. ಪಾತ್ರೆ ತಿಕ್ಕುತ್ತಾ ಮೇಲೆ ನೋಡುವುದು, ಕೆಳಗೆ ನೋಡುವುದು. ಒಮ್ಮೆ ಧೈರ್ಯ ಮಾಡಿ 'ಅಕ್ಕಾರ' ಎಂದಳು. ಎಂತ ಎಂದು ಅಕ್ಕ ತಿರುಗಿದಾಗ, ಸಾಬೂನು ಮುಗಿದದ ಎಂದುಬಿಟ್ಟಳು. ಸಾಬೂನು ಮುಗಿದಿರಲಿಲ್ಲ.

ಹದಿನಾರನೆಯ ದಿನ ಸಂಜೆ ಐದೂವರೆಗೆ ಅವಳು ಮೂರನೆಯ ಮಾಳಿಗೆಯ ಮೆಟ್ಟಿಲಲ್ಲಿದ್ದಾಗಲೇ ವಾಸನೆ ತಗುಲಿತು. ಮೊದಲು ಸಣ್ಣಗೆ, ಬಾಗಿಲ ಹತ್ತಿರ ದಪ್ಪಗೆ. ಸಿಗಡಿಯದ್ದಲ್ಲ, ಅದು ಬೇರೆ, ಇದು ಬೇರೆ. ಅಭ್ಯಾಸಬಲದಿಂದ ಬೆರಳು ಕರೆಗಂಟೆಗೆ ಹೋಯಿತು. ಗುಂಡಿಗೆ ತಾಗುವ ಮೊದಲು ಅವಳು ಕೈಯನ್ನು ಬಿಸಿ ತಾಗಿದವಳಂತೆ ಎಳೆದುಕೊಂಡು, ಬಾಗಿಲನ್ನು ಮುಷ್ಟಿಯಿಂದ ಬಡಿದಳು.

ಬಾಗಿಲು ತೆರೆದ ಅಕ್ಕ, ಬೆಲ್ಲಿಗೆ ಎಂತ ಆಯಿತು, ಪೊಲೀಸರ ಹಾಗೆ ಬಡಿಯುತ್ತೀ ಎಂದು ಗೊಣಗಿ ಒಳಗೆ ತಿರುಗಿದರು. ಮಧ್ಯಾಹ್ನದ ನಿದ್ದೆ ಮುಗಿಸಿ, ಮುಖ ತೊಳೆದು, ಇಸ್ತ್ರಿಯ ಸೀರೆ ಉಟ್ಟಿದ್ದರು. ಸೊಳ್ಳೆ ಬರುತ್ತದೆಂದು ಬಾಲ್ಕನಿಯ ಬಾಗಿಲು, ಕಿಟಕಿ ಎಲ್ಲ ಮುಚ್ಚಿದ್ದವು. ದೀಪ ಹಚ್ಚುವ ಹೊತ್ತು. ಒಂದು ಕೈಯಲ್ಲಿ ಹತ್ತಿಯ ಬತ್ತಿ, ಇನ್ನೊಂದರಲ್ಲಿ ಕಡ್ಡಿಪೆಟ್ಟಿಗೆ. ಶಿವಕುಮಾರಿ ಹಿಂದೆ ಹಿಂದೆ ಅಡುಗೆಮನೆಗೆ ಹೋಗುವಷ್ಟರಲ್ಲಿ ಅಕ್ಕನ ಒಂದು ಕಾಲು ಸ್ಟೂಲಿನ ಮೇಲಿತ್ತು.

"ಅಕ್ಕಾರ, ಗ್ಯಾಸಿನ ವಾಸನಿ ಬರ್ಲಿಕತ್ತದ್ರಿ."

"ಪುನಃ ಶುರು ಮಾಡಿದಿಯಾ ಮಾರಾಯ್ತಿ? ಈ ಸಲ ಮನೆಯಲ್ಲಿ ಸಿಗಡಿ ಸಹ ಇಲ್ಲ," ಎನ್ನುತ್ತಾ ಅಕ್ಕ ಇನ್ನೊಂದು ಕಾಲನ್ನೂ ಎತ್ತಿಟ್ಟರು. ಬತ್ತಿಯನ್ನು ಹಣತೆಗೆ ಹಾಕಿ, ಪೆಟ್ಟಿಗೆಯಿಂದ ಕಡ್ಡಿ ತೆಗೆದರು.

"ದೀಪ ಹಚ್ಚಬ್ಯಾಡ್ರಿ."

ಗಂಡ ಸತ್ತ ಹೆಂಗಸಿನ ಮನೆಯಲ್ಲಿ, ದೀಪದ ಹೊತ್ತಿನಲ್ಲಿ ಆಡುವ ಮಾತೇ ಅದು? ಅಕ್ಕ ನಿಧಾನವಾಗಿ ತಿರುಗಿದರು. ಅವರ ಮುಖ ಕೆಂಪಗಾಗಿತ್ತು. ಎಲ್ಲಿದೆ ವಾಸನೆ, ತಾನೇನು ಸತ್ತಿದ್ದೇನಾ, ತನಗೆ ಮೂಗಿಲ್ಲವಾ ಎಂದು ಕೇಳಿದರು. ಕಡ್ಡಿ ಇನ್ನೂ ಬೆರಳ ನಡುವೆ ಇತ್ತು.

ಆಡಬೇಕಾದ ಮಾತು ಯಾವುದೆಂದು ಶಿವಕುಮಾರಿಗೆ ತಿಳಿದಿತ್ತು.

"ನಿಮಗ ವಾಸನಿ ತಿಳಿಯೂದಿಲ್ರಿ. ಜ್ವರ ಬಂದಾಗಿಂದ ತಿಳಿಯೂದಿಲ್ಲ. ನನಗ ಗೊತ್ತದ."

ಅಕ್ಕನ ಕೈ ಎಲ್ಲಿತ್ತೋ ಅಲ್ಲೇ ನಿಂತಿತು. ಶಿವಕುಮಾರಿ ಮೇಲೆ ಕೈಚಾಚಿ, ದೇವರ ಕೆಲಸದ ವಸ್ತು ಎಂದು ಈವರೆಗೆ ಒಮ್ಮೆಯೂ ಮುಟ್ಟದಿದ್ದ ಆ ಕಡ್ಡಿಪೆಟ್ಟಿಗೆಯನ್ನು ಅವರ ಕೈಯಿಂದ ತೆಗೆದುಕೊಂಡು, ಕೆಳಗಿದ್ದ ನೀರಿನ ಬಕೆಟಿಗೆ ಹಾಕಿದಳು. ಬೆರಳ ನಡುವಿನ ಕಡ್ಡಿಯನ್ನೂ ಹಾಕಿದಳು.

ಆಮೇಲೆ ಅವಳ ಕೈಗೆ ನಾಚಿಕೆಯಿರಲಿಲ್ಲ. ಗ್ಯಾಸಿನ ವಾಲ್ವು ಪ್ರೀತಮ್ ಒಲೆಕಟ್ಟೆಯ ಕೆಳಗೆ ಹಾಕಿಸಿಕೊಟ್ಟ ಹೊಸ ಸೆಳೆಖಾನೆಗಳ ಟ್ರಾಲಿಯ ಹಿಂದೆ ಅಡಗಿತ್ತು. ಎಲ್ಲಿ ಎಂಬುದು ಮನೆಯ ಯಜಮಾನಿಗಿಂತ, ತಿಂಗಳಿಗೊಮ್ಮೆ ಟ್ರಾಲಿ ಕಳಚಿ ಒರೆಸುವವಳಿಗೆ ಹೆಚ್ಚು ಗೊತ್ತು. ಎರಡನೆಯ ಸೆಳೆಖಾನೆಯನ್ನು ಸೌಟು, ಚಮಚಗಳ ಸಮೇತ ಎಳೆದು ಬದಿಗಿಟ್ಟು, ತೋಳನ್ನು ಭುಜದ ತನಕ ಒಳಗೆ ತೂರಿಸಿ ಹಿಡಿಯನ್ನು ತಿರುಗಿಸಿದಳು. ಪೈಪಿಗೆ ಅಡ್ಡ ಬಂತು. ಅಡುಗೆಮನೆಯ ಕಿಟಕಿಯ ಬಾಗಿಲು ತಳ್ಳಿ ತೆರೆದು, ಇನ್ನೂ ಸ್ಟೂಲಿನ ಮೇಲೇ ನಿಂತಿದ್ದ ಅಕ್ಕನನ್ನು ಮಗುವನ್ನು ಇಳಿಸುವ ಹಾಗೆ ಇಳಿಸಿ, ಕೈಹಿಡಿದು ಹೊರಗೆ ಕರೆತಂದಳು. ಲಿಫ್ಟು ಬೇಡವೆಂದು ಮೆಟ್ಟಿಲು ಇಳಿಸಿದಳು. ಅಕ್ಕ ಬರಿಗಾಲಲ್ಲೇ ಇಳಿದರು.

ಧನರಾಜನ ಬಾಗಿಲನ್ನೂ ಬಡಿದೇ ಕರೆದಳು. ಅವನನ್ನು ದೂರುವಂತಿರಲಿಲ್ಲ. ಮಾತು ಕೇಳಿದ ಕೂಡಲೇ ಜಾಕೆಟ್ಟು ಏರಿಸಿ, ಅಂಗಳಕ್ಕಿಳಿದು ಕಂಪನಿಯ ತುರ್ತು ನಂಬರಿಗೆ ಫೋನು ಹಚ್ಚಿದ, ಫೋನನ್ನು ಅಲ್ಲೇ ವಾಚ್‌ಮನ್ ಕೈಗೆ ಕೊಟ್ಟ, ಮೇಲಿನ ಮೂರು ಮಾಳಿಗೆಯವರನ್ನು ಇಳಿಸಲು ಸ್ವಯಂಸೇವಕರಿಬ್ಬರನ್ನು ಕಳಿಸಿದ. ಆಮೇಲೆ ಮೆಟ್ಟಿಲು ಎರಡೆರಡಾಗಿ ಹತ್ತಿ ಅಕ್ಕನ ಮನೆಗೆ ನುಗ್ಗಿದ. ವಾಲ್ವು ಮುಚ್ಚಿದೆ ಎಂದು ಹೇಳಲು ಶಿವಕುಮಾರಿ ಏದುಸಿರು ಬಿಡುತ್ತಾ ಹಿಂದೆ ಓಡಿದಳು. ಅವಳು ಅಡುಗೆಮನೆಯ ಬಾಗಿಲಿಗೆ ಬಂದಾಗ ಅವನ ಕೈ ಒಲೆಯ ಮೇಲಿನ, ಹೊಗೆ ಎಳೆಯುವ ಚಿಮಣಿಯ ಸ್ವಿಚ್ಚಿನತ್ತ ಹೋಗುತ್ತಿತ್ತು.

"ಕೈ ಹಚ್ಚಬ್ಯಾಡ್ರಿ ಅಣ್ಣಾರ!"

ಅವಳ ಧ್ವನಿ ಅಷ್ಟು ದೊಡ್ಡದೆಂದು ಅವಳಿಗೇ ತಿಳಿದಿರಲಿಲ್ಲ. ಧನರಾಜ್ ನಿಂತ.

"ಅರೆ, ಒಳಗಿದ್ದ ಗ್ಯಾಸನ್ನು ಹೊರಗೆ ಎಳೀತದಲ್ಲ ಇದು?"

"ಸ್ವಿಚ್ಚಿನಾಗ ಕಿಡಿ ಬರ್ತದಂತ್ರಿ. ಅವತ್ತು ಟೆರೇಸಿನ ಮ್ಯಾಲ ಅವರು ಹೇಳಿದ್ರಲ್ಲ. ನೀವು ಫೋಟೊ ತಗೀಲಿಕತ್ತಿದ್ರಿ."

ಧನರಾಜ್ ಕೈಯನ್ನು ಕಿಸೆಗೇ ಹಾಕಿಕೊಂಡ. ಬೇರೇನು ಹೇಳಿದ್ದರು ಎಂದು ಕೇಳಿದ ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಅವಳು ಬಾಲ್ಕನಿಯತ್ತ ತೋರಿಸಿದಳು. ಅವನು ಹೋಗಿ ಅಲ್ಲಿನ ಬಾಗಿಲನ್ನು ಅಗಲಕ್ಕೆ ತೆರೆದ. ಅವಳು ಬಾಗಿಲ ಹಿಂದೆ ನಿಲ್ಲಿಸಿದ್ದ ಜೇಡರಬಲೆ ತೆಗೆಯುವ ಬಿದಿರುಕೋಲನ್ನು ಎಳೆದುಕೊಂಡಳು. ಅಡುಗೆಮನೆಯ ಹೊಸ್ತಿಲಲ್ಲೇ ನಿಂತು ಕಿಂಡಿಗೆ ಗುರಿಯಿಟ್ಟು ತಿವಿದಳು. ಥರ್ಮಾಕೋಲು ಅಲುಗಲಿಲ್ಲ. ಅಂದು ಅಷ್ಟು ಚೆನ್ನಾಗಿ ಹಚ್ಚಿದ್ದಳು. ಎರಡನೆಯ ತಿವಿತಕ್ಕೆ ಒಂದು ಮೂಲೆ ಒಡೆಯಿತು. ಮೂರನೆಯ ಸಲ ಇಡೀ ಮೈಯ ಭಾರ ಹಾಕಿ ನೂಕಿದಳು. ಅಂಟುಪಟ್ಟಿ ಹರಿದು ಥರ್ಮಾಕೋಲು ಹೊರಕ್ಕೆ ಬಿತ್ತು. ಹೊರಗೆ ಕೂತಿದ್ದ ಪಾರಿವಾಳಗಳು ಪಟಪಟನೆ ಎದ್ದುಹೋದವು. ಏಳು ತಿಂಗಳಿಂದ ಕತ್ತಲಾಗಿದ್ದ ಆ ಮೂಲೆಯಲ್ಲಿ ಸಂಜೆಯ ಬೆಳಕು ಬಿತ್ತು. ನಡೀರಿ, ಇನ್ನ ಇಲ್ಲಿ ನಿಂದ್ರೂದು ಬ್ಯಾಡ ಎಂದು ಅವಳು ಅಂದಳು. ಸೆಕ್ರೆಟರಿ ಅವಳ ಹಿಂದೆ ಇಳಿದ.

ಅರ್ಧ ಗಂಟೆಯೊಳಗೆ ಕಂಪನಿಯ ಮೆಕ್ಯಾನಿಕ್ ಬಂದ. ಕೈಯಲ್ಲಿ ಟಾರ್ಚಿನಷ್ಟಿದ್ದ ಒಂದು ಯಂತ್ರ. ಬೇಕಾದರೆ ಬಾಗಿಲಲ್ಲಿ ನಿಂತು ನೋಡಿ ಎಂದು ಅಕ್ಕನನ್ನು ಕರೆದ. ಯಂತ್ರವನ್ನು ನೆಲದ ಹತ್ತಿರ ಹಿಡಿದ, ಸುಮ್ಮನಿತ್ತು. ಒಲೆಯ ಹತ್ತಿರ ಹಿಡಿದ, ಸುಮ್ಮನಿತ್ತು. ತೋಳೆತ್ತಿ ದೇವರ ಹಲಗೆಯ ಮೂಲೆಗೆ ಹಿಡಿದಾಗ ಅದು ಕಿರಕಿರನೆ ಕೂಗತೊಡಗಿತು. ಇಷ್ಟು ಗಾಳಿ ಆಡಿದ ಮೇಲೂ ಇನ್ನೂ ಸ್ವಲ್ಪ ಅಲ್ಲಿ ಸಿಕ್ಕಿಕೊಂಡಿದೆ, ಒಂದು ಗಂಟೆ ಯಾರೂ ಒಳಗೆ ಬರಬೇಡಿ ಎಂದ. ಅಕ್ಕ ಆ ಹಲಗೆಯನ್ನೇ ನೋಡುತ್ತಾ ನಿಂತರು. ಸೋರಿದ್ದು ಒಲೆಯ ಹಿಂದಿನ ರಬ್ಬರ್ ಟ್ಯೂಬಿನಿಂದ. ಜಿಡ್ಡು ಹಿಡಿಯದಿರಲೆಂದು ಅಕ್ಕ ಹಳೆಯ ಸೀರೆಯ ಅಂಚಿನಿಂದ ಅದಕ್ಕೊಂದು ಚೆಂದದ ಚೀಲ ಹೊಲಿದು ತೊಡಿಸಿದ್ದರು. ಒಳಗೆ ಟ್ಯೂಬು ಬಿರುಕು ಬಿಟ್ಟದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೆಕ್ಯಾನಿಕ್ ಹೊಸ ಟ್ಯೂಬು ಹಾಕಿ, ಹಳೆಯದರ ಚೀಲವನ್ನು ಬಿಚ್ಚಿ ಮಡಚಿ ಅಕ್ಕನ ಕೈಗೆ ಕೊಟ್ಟು, ಇದಕ್ಕೆ ಬಟ್ಟೆ ತೊಡಿಸಬೇಡಿ ತಾಯಿ, ಮೇಲೆ ಬರೆದ ತಾರೀಕು ಮುಗಿಯುವ ಮೊದಲು ಬದಲಿಸಿಕೊಳ್ಳಿ ಎಂದ.

ಆ ಒಂದು ಗಂಟೆ ಅಕ್ಕ ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಶಿವಕುಮಾರಿ ಅವರ ಚಪ್ಪಲಿಗಳನ್ನು ತಂದು ಕಾಲ ಬಳಿ ಇಟ್ಟು, ಸ್ವಲ್ಪ ದೂರ ಕಟ್ಟೆಯ ಮೇಲೆ ಕೂತಳು. ಧನರಾಜ್ ಎಲ್ಲರಿಗೂ ನಡೆದದ್ದನ್ನು ಹೇಳುತ್ತಿದ್ದ. ಸ್ವಿಚ್ಚಿನ ಸಂಗತಿಯನ್ನೂ ಬಿಡದೆ ಹೇಳಿದ, ತನ್ನನ್ನೇ ಗೇಲಿ ಮಾಡಿಕೊಂಡು ನಕ್ಕ. ಜನ ಚದುರಿದ ಮೇಲೆ ಅಕ್ಕ, ಮುಖ ತಿರುಗಿಸದೆಯೇ ಕೇಳಿದರು.

"ಯಾವಾಗಿಂದ ಗೊತ್ತುಂಟು ನಿನಗೆ? ನನ್ನ ಮೂಗಿನದ್ದು."

"ಸಿಗಡಿ ದಿನದಿಂದ್ರಿ."

"ಯಾರ ಹತ್ತಿರವಾದರೂ ಹೇಳಿದಿಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ, ಕೇಳದಿದ್ದರೂ, ಹದಿನೈದು ದಿನದಿಂದ ಹೊಟ್ಟೆಯಲ್ಲಿ ಕುಳಿತಿದ್ದುದನ್ನು ಹೊರಹಾಕಿದಳು. ಕಿಂಡಿ ಮುಚ್ಚಬಾರದೆಂದು ಟೆರೇಸಿನ ಸಭೆಯಲ್ಲೇ ತನಗೆ ತಿಳಿದಿತ್ತು, ಮುಚ್ಚಿದವಳೂ ತಾನೇ, ಹೇಳದೆ ಇದ್ದವಳೂ ತಾನೇ, ಇವತ್ತು ಐದು ನಿಮಿಷ ತಡವಾಗಿದ್ದರೆ ಎಂದು ಹೇಳಹೋಗಿ ಅವಳಿಗೆ ಅಳು ಬಂತು. ಮಳೆಗಾಲದಲ್ಲಿ ಬಾರದಿದ್ದ ಅಳು ಅದು.

ಅಕ್ಕ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ನೀನು ಹೇಗೆ ಹೇಳ್ತೀ ಮಗಾ? ಬಾಯಿ ಊಟಕ್ಕೆ ಮಾತ್ರ ಅಂತ ಹೇಳಿದವಳು ನಾನಲ್ವಾ," ಎಂದರು. ಆಮೇಲೆ, ಗಂಡ ಹೇಳಿದ್ದು ಸುಳ್ಳಲ್ಲ, ಆ ಗ್ಯಾಸಿಗೆ ಅದು ಸರಿಯಾಗಿಯೇ ಇತ್ತು ಎಂದು ತಮಗೆ ತಾವೇ ಹೇಳಿಕೊಂಡ ಹಾಗೆ ಅಂದರು. ಶಿವಕುಮಾರಿ ಹೌದ್ರಿ ಎಂದಳು.

ಮರುದಿನ ಪವಾಯಿಯಿಂದ ಪ್ರೀತಮ್ ಬಂದ. ತಾಯಿ ಅವನಿಗೆ ಮೂಗಿನ ವಿಷಯ ಹೇಳಿದರು. ಅವನಿಗೆ ಎಷ್ಟು ಬೇಸರವಾಯಿತೆಂದರೆ ತೇಗದ ಹಲಗೆ ಕೀಳುವಾಗ ಎರಡು ಸಲ ಬೆರಳಿಗೆ ಸುತ್ತಿಗೆ ಹೊಡೆದುಕೊಂಡ. ಆ ಹಲಗೆಯನ್ನೇ ಅಡುಗೆಮನೆಯಿಂದ ಹೊರಗೆ, ಹಾಲಿನ ಮೂಲೆಯಲ್ಲಿ, ಕೂತು ಕೈಮುಗಿಯುವ ಎತ್ತರಕ್ಕೆ ಹಾಕಿದ. ಕಿಂಡಿಗೆ ತಂತಿಬಲೆ ಬಂತು, ಗಾಳಿ ಹೋಗುತ್ತದೆ, ಪಾರಿವಾಳ ಬರುವುದಿಲ್ಲ. ವಾಲ್ವಿನ ಮುಂದಿನ ಸೆಳೆಖಾನೆ ಹೋಗಿ ಅಲ್ಲಿ ಬಾಗಿಲಿಲ್ಲದ ಗೂಡಾಯಿತು. ಗ್ಯಾಸು ಸೋರಿದರೆ ಕೂಗುವ ಯಂತ್ರವೊಂದನ್ನು ಸೂರಿನ ಹತ್ತಿರ ಹಾಕಿಸುತ್ತೇನೆಂದು ಹೇಳಿ ಹೋದ. ಅದು ಮುಂದಿನ ವಾರ ಬರುವುದಿತ್ತು.

ಸಂಜೆ ಶಿವಕುಮಾರಿ ಬಂದಾಗ ಬಾಗಿಲು ತೆರೆದೇ ಇತ್ತು. ಅಕ್ಕ ಹೊಸ ಕಡ್ಡಿಪೆಟ್ಟಿಗೆ ಹಿಡಿದು, ಹಾಲಿನ ಮೂಲೆಯಲ್ಲಿ ಮಣೆಯ ಮೇಲೆ ಕೂತಿದ್ದರು. ಹಣತೆಗೆ ಎಣ್ಣೆ, ಬತ್ತಿ ಹಾಕಿಯಾಗಿತ್ತು. ಅವರು ಕಡ್ಡಿ ಗೀರದೆ ಕಾಯುತ್ತಿದ್ದಾರೆಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಒಮ್ಮೆ ಹೋಗಿ ನೋಡಿ ಬಾ," ಎಂದರು ಅಕ್ಕ.

ಅವಳು ಅಡುಗೆಮನೆಗೆ ಹೋಗಿ, ಒಲೆಯ ಹಿಂದೆ ಬಗ್ಗಿ ಬೆತ್ತಲೆ ಟ್ಯೂಬಿನ ಹತ್ತಿರ ಉಸಿರೆಳೆದಳು. ಸ್ಟೂಲು ಹತ್ತಿ ಕಿಂಡಿಯ ಹತ್ತಿರವೂ ಎಳೆದಳು. ಹೊರಗಿನ ಧೂಳು, ಯಾರದೋ ಮನೆಯ ಬಟಾಟೆಯ ಒಗ್ಗರಣೆ, ಅಷ್ಟೇ. ಅವಸರ ಮಾಡದೆ ಇನ್ನೊಮ್ಮೆ ನೋಡಿ, ಇಳಿದು, ಹಾಲಿನ ಬಾಗಿಲಿಗೆ ಬಂದು ನಿಂತಳು.

"ಏನಿಲ್ರಿ ಅಕ್ಕಾರ. ಹಚ್ರಿ."